ಎದೆಗೆ ಮುಟ್ಟದ ಚೆಂಡು

ಹುಕ್ಕೇರಿಯಲ್ಲಿ ನಾನು ಕೆಲಸಕ್ಕಿದ್ದ ಅರಿವೆ ಅಂಗಡಿಯ ಹಿಂದೆ ಒಂದು ಸಾಲೆಯ ಬಯಲಿತ್ತು. ಅರವತ್ತರ ದಶಕದ ನಡುವೆ ಎಲ್ಲೋ ಒಂದು ವರ್ಷ ಆ ಬಯಲಿನಲ್ಲಿ ಬಾಸ್ಕೆಟ್‌ಬಾಲಿನ ಕಂಬ ನೆಟ್ಟರು. ಹೊಸದಾಗಿ ಬಂದ ಆಟದ ಮಾಸ್ತರ ಹರೆಯದವನು, ಗಂಟಲು ದೊಡ್ಡದು. ಸಂಜೆಯಾದರೆ ಸಾಕು, ಅವನ ಕೂಗು ಗೋಡೆ ದಾಟಿ ಅಂಗಡಿಯೊಳಗೆ ಬರುತ್ತಿತ್ತು: “ಚೆಂಡು ಎದಿಗೆ ಹಚ್ಚಬ್ಯಾಡ್ರೋ! ಭುಜದ ಮ್ಯಾಲಿಂದ, ಒಂದ ಕೈಲೆ ಒಗೀರಿ! ಹೊಸಾ ಪದ್ಧತಿ ಐತಿ ಇದು!”

ಹೊಸ ಪದ್ಧತಿಯಂತೆ! ಕೈಯಲ್ಲಿದ್ದ ಗಜಕಡ್ಡಿ ತಪ್ಪಿ, ಅಳೆದ ಅರಿವೆಯನ್ನೇ ಮತ್ತೆ ಅಳೆಯುತ್ತಿದ್ದೆ. ಗಿರಾಕಿಗಳು “ಏನ್ರಿ, ಧ್ಯಾನ ಎಲ್ಲೈತಿ?” ಎಂದು ಕೇಳುತ್ತಿದ್ದರು. ಎಲ್ಲಿದೆ ಅಂತ ಹೇಳಲಿ? ಭುಜದ ಮೇಲಿಂದ ಒಂದೇ ಕೈಯಲ್ಲಿ ಚೆಂಡು ಒಗೆಯುವುದನ್ನು ಆ ಮಾಸ್ತರ ಹುಟ್ಟುವುದಕ್ಕೂ ಮುಂಚೆ, ಅಲ್ಲವಾದರೂ ಅವನು ಚಡ್ಡಿ ಹಾಕುವುದಕ್ಕೂ ಮುಂಚೆ ನಾನು ಕಲಿತಿದ್ದೆ. ಅದರಿಂದ ಪಗಾರ ತಿಂದಿದ್ದೆ. ಗೋಕಾಕದ ಜನ ಅದನ್ನು ನೋಡಲು ಕೆಲಸ ಬಿಟ್ಟು ಬರುತ್ತಿದ್ದರು. ಈಗ ನನ್ನನ್ನು ಆ ಬಯಲಿನಲ್ಲಿ ನಿಲ್ಲಿಸಿ ಒಂದು ಸಲ ಒಗೆದು ತೋರಿಸು ಎಂದರೆ ನನ್ನಿಂದ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನೇ ಹೇಳುತ್ತೇನೆ.

ಸ್ವಾತಂತ್ರ್ಯ ಬಂದ ವರ್ಷ ನಾನು ಮೂಡಲಗಿಯ ಕನ್ನಡ ಸಾಲೆಯಲ್ಲಿದ್ದೆ. ನಮ್ಮ ಡ್ರಿಲ್ ಮಾಸ್ತರರು ಎಲ್ಲೋ ದೂರದ ಊರಿಗೆ ಟ್ರೇನಿಂಗಿಗೆ ಹೋದವರು, ಬರುವಾಗ ಒಂದು ತೊಗಲಿನ ಚೆಂಡು ತಂದರು. ಎತ್ತರದಲ್ಲಿ ಒಂದು ಬಳೆ ಕಟ್ಟಿ ಅದರೊಳಗೆ ಚೆಂಡು ಹಾಕುವ ಆಟ ಎಂದು ಹೇಳಿದರು. ಸಾಲೆಯ ಹುಡುಗರಿಗೆ ಅದು ಹಿಡಿಸಲಿಲ್ಲ. ಕುಸ್ತಿ ಬಿಟ್ಟು ಬಳೆಯೊಳಗೆ ಚೆಂಡು ಹಾಕುವುದು ಗಂಡಸರ ಆಟವೇ ಎಂದು ನಕ್ಕರು. ನನಗೆ ಮಾತ್ರ ಅದರ ಹುಚ್ಚು ಹಿಡಿಯಿತು. ಮಾಸ್ತರರಿಗೆ ಬೇರೆ ಊರಿಗೆ ವರ್ಗವಾದಾಗ ಚೆಂಡನ್ನು ನನ್ನ ಕೈಗೇ ಕೊಟ್ಟು ಹೋದರು.

ಚೆಂಡು ಬಂತು, ಬಳೆ ಎಲ್ಲಿಂದ ತರಬೇಕು? ಆಗ ನಮ್ಮ ಹೊಲದ ಬಾವಿಯಿಂದ ಎತ್ತು ಹೂಡಿ ದೊಡ್ಡ ತೊಗಲಿನ ಚೀಲದಲ್ಲಿ ನೀರೆತ್ತುತ್ತಿದ್ದರು. ಹಳೆಯ ಚೀಲ ಹರಿದು ಹೋದ ಮೇಲೆ ಅದರ ಬಾಯಿಗಿದ್ದ ಕಬ್ಬಿಣದ ಬಳೆ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ನನ್ನ ಅಣ್ಣ ಅದನ್ನು ಮನೆಯ ಹಿಂದಿನ ಕಣದಲ್ಲಿದ್ದ ಬೇವಿನ ಮರಕ್ಕೆ, ಏಣಿ ಹತ್ತಿ, ಮೊಳೆ ಬಡಿದು ಕೂಡಿಸಿಕೊಟ್ಟ. ಅಪ್ಪ ತೀರಿಕೊಂಡ ಮೇಲೆ ಕಮತವೆಲ್ಲ ಅವನದೇ. ಸಿಟ್ಟಿನ ಮನುಷ್ಯ, ಆದರೆ ನನ್ನ ಮೇಲೆ ಜೀವ ಇಟ್ಟಿದ್ದ.

ಅಡ್ಡ ಬಂದವಳು ಅವ್ವ. ನಾವು ಲಿಂಗಾಯತರು. ನನ್ನ ಕೊರಳಲ್ಲಿ ಶಿವದಾರ, ಶಿವದಾರಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಹುಟ್ಟಿದಂದಿನಿಂದ ಅದು ಎದೆಯ ಮೇಲೇ ಇತ್ತು. ಮೊದಲ ದಿನ ನಾನು ಚೆಂಡನ್ನು ಎದೆಗೆ ಅವಚಿಕೊಂಡು ಕಣಕ್ಕೆ ಬಂದಾಗ ಅವ್ವ ಜೋಳ ತೂರುತ್ತಿದ್ದಳು. ಮೊರ ಕೆಳಗಿಟ್ಟಳು.

“ಏನೋ ಅದು? ತೊಗಲಿಂದೇನು?”

“ಹೌದ ಬೇ.”

“ತೊಗಲ ತಂದು ಲಿಂಗಕ್ಕ ಹಚ್ಗೊಂಡೀಯಲ್ಲೋ ಮಂಗ್ಯಾ! ಹೋಗು, ಜಳಕಾ ಮಾಡು. ಪೂಜಿ ಮಾಡ್ಕೊಂಡ ಮ್ಯಾಲ ರೊಟ್ಟಿ.”

ಅಣ್ಣ ಅಲ್ಲೇ ಎತ್ತಿಗೆ ನೀರು ಕುಡಿಸುತ್ತಿದ್ದ. “ಯವ್ವಾ, ದಿನಾ ಬಾವ್ಯಾಗ ನಾ ತೊಗಲ ಎಳದ ಎಳದ ಸಾಯಾಕತ್ತೇನಿ. ನನಗ್ಯಾಕ ರೊಟ್ಟಿ ಹಾಕ್ತಿ ಮತ್ತ?” ಎಂದ.

“ನೀ ಅದನ್ನ ಎದಿಗೆ ಅಪ್ಗೊಂಡ ಎಳಿತಿ ಏನ? ಸುಮ್ನ ಕುಂದ್ರು.” ಆಮೇಲೆ ನನ್ನ ಕಡೆ ತಿರುಗಿದಳು. “ಆಡು, ಬ್ಯಾಡ ಅನ್ನಂಗಿಲ್ಲ. ಎದಿಗೆ ಮಾತ್ರ ಮುಟ್ಟಸಬ್ಯಾಡ. ಮುಟ್ಟಿತಂದ್ರ ರೊಟ್ಟಿ ಇಲ್ಲ ನೋಡು.”

ಅವ್ವ ಹೇಳಿದ್ದು ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಬಸವಣ್ಣ ಇದ್ದಿದ್ದರೆ ತೊಗಲಿಗೆ ಮೈಲಿಗೆ ಏನವ್ವಾ ಎಂದು ಅವಳನ್ನೇ ಕೇಳುತ್ತಿದ್ದನೇನೋ. ಆದರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ಅವ್ವ, ಅವಳ ಮಾತೇ ನಡೆಯುತ್ತಿತ್ತು. ಚೆಂಡು ಕರಡಿಗೆಗೆ ತಾಗಿದ ಸದ್ದು ಕಣದ ಆ ತುದಿಯಲ್ಲಿದ್ದರೂ ಅವಳಿಗೆ ಕೇಳುತ್ತಿತ್ತು. ಬೆಳ್ಳಿಗೆ ತೊಗಲು ಬಡಿದರೆ ‘ಠಣ್’ ಅನ್ನುತ್ತದೆ. “ಮತ್ತ ಮುಟ್ಟಿತು? ನಡಿ, ಬಚ್ಚಲಕ್ಕ.” ಚಳಿಗಾಲದಲ್ಲಿ ತಣ್ಣೀರು ಸುರಿದುಕೊಂಡು, ನಡುಗುತ್ತ ಪೂಜೆ ಮಾಡಿ, ಆಮೇಲೆ ಊಟ. ಎಂಥ ಹುಡುಗನಾದರೂ ಎಷ್ಟು ದಿನ ತಾಳಿಕೊಂಡಾನು?

ಹಾಗಾಗಿ ನನ್ನ ಕೈಗಳು ದಾರಿ ಹುಡುಕಿಕೊಂಡವು. ಬರುವ ಚೆಂಡನ್ನು ತೋಳು ಮುಂದೆ ಚಾಚಿ, ಮೈಯಿಂದ ದೂರದಲ್ಲೇ ಹಿಡಿಯುವುದು. ಹಿಡಿದದ್ದನ್ನು ಎದೆಯ ಮುಂದೆ ತರದೆ ಸೀದಾ ಬಲಭುಜದ ಮೇಲಕ್ಕೆ ಒಯ್ಯುವುದು. ಅಲ್ಲಿ ಅಂಗೈ ಮೇಲೆ ಕೂಡಿಸಿ, ಎಡಗೈಯಿಂದ ಬಾಜೂಕ್ಕೆ ಆಸರೆ ಕೊಟ್ಟು, ಮಣಿಕಟ್ಟು ಮಣಿಸಿ ಮೇಲಕ್ಕೆ ಬಿಡುವುದು. ಯಾರೂ ಹೇಳಿಕೊಟ್ಟದ್ದಲ್ಲ. ರೊಟ್ಟಿಯ ಆಸೆ ಹೇಳಿಕೊಟ್ಟಿತು. ನನ್ನ ಮೊದಲ ವಸ್ತಾದ ಯಾರು ಎಂದು ಕೇಳಿದರೆ ಅವ್ವ ಎಂದೇ ಹೇಳಬೇಕು, ಆ ಆಟದ ಹೆಸರು ಸಹ ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ.

ನಾಲ್ಕೈದು ವರ್ಷ ಅದೇ ಬೇವಿನ ಮರ, ಅದೇ ಬಳೆ. ಅಷ್ಟರಲ್ಲಿ ನನಗೆ ಮೀಸೆ ಬಂತು. ಚೆಂಡು ಕೈ ಬಿಟ್ಟ ಕೂಡಲೇ, ಅದು ಬಳೆಯೊಳಗೆ ಬೀಳುವ ಮುಂಚೆಯೇ, ಬಿತ್ತು ಎಂದು ನನಗೆ ಗೊತ್ತಾಗುತ್ತಿತ್ತು. ಆ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಾದ ಪ್ರಮೇಯವೇ ಇರಲಿಲ್ಲ.

ಒಂದು ಸುಗ್ಗಿಯಲ್ಲಿ ಗೋಕಾಕದ ಸಾವಕಾರರೊಬ್ಬರು ಹತ್ತಿ ನೋಡಲು ನಮ್ಮ ಕಣಕ್ಕೆ ಬಂದರು. ಅವರದು ಹತ್ತಿಯ ಬೀಜ ಬಿಡಿಸುವ ಗಿರಣಿ, ಜಿನ್ನು ಅಂತಾರಲ್ಲ, ಅದು ಇತ್ತು. ಅಣ್ಣ ಹತ್ತಿ ತೋರಿಸುತ್ತಿದ್ದಾನೆ, ಸಾವಕಾರರ ಕಣ್ಣು ನನ್ನ ಮೇಲೆ. ಹತ್ತಿಯನ್ನು ಹಾಗೆಯೇ ಕೈಬಿಟ್ಟು ಮರದ ಕೆಳಗೆ ಬಂದು ನಿಂತರು.

“ಇನ್ನೊಮ್ಮಿ ಒಗಿ ತಮ್ಮಾ.”

ಒಗೆದೆ.

“ಅಲ್ಲಿಂದ ಒಗಿ ನೋಡೋಣು.” ಬಣವೆಯ ಹತ್ತಿರ ಬೆರಳು ತೋರಿಸಿದರು.

ಒಗೆದೆ. ಬಿತ್ತು.

“ಭಲೇ ಮಗನ!” ಎಂದವರು ಅಣ್ಣನ ಕಡೆ ತಿರುಗಿ, “ಹತ್ತಿ ಇರಲಿ, ಈ ಹುಡಗನ್ನ ನನಗ ಕೊಡ್ರಿ” ಎಂದರು. ಅಣ್ಣ ಅವ್ವನನ್ನು ಕೇಳಲು ಒಳಗೆ ಓಡಿದ.

ಆ ಸಾವಕಾರರ ಮಗ ಪುಣೆಯಲ್ಲಿ ಕಾಲೇಜು ಓದಿ ಈ ಆಟದ ಗೀಳು ಹಚ್ಚಿಕೊಂಡು ಬಂದಿದ್ದ. ಮಗನ ಮೇಲಿನ ಪ್ರೀತಿಗೆ ಸಾವಕಾರರು ಜಿನ್ನಿನ ಹಿಂದೆ ಗರಸು ಹಾಕಿ, ನೀರು ಹೊಡೆದು, ಉರುಳುಗಲ್ಲು ಎಳೆದು ಮೈದಾನ ಮಾಡಿಸಿದ್ದರು. ನಮ್ಮ ಕಡೆ ದೊಡ್ಡ ಮನೆತನದವರು ಪೈಲ್ವಾನರನ್ನು ಸಾಕುತ್ತಾರಲ್ಲ, ಅದೇ ರೀತಿ ಈ ಮನುಷ್ಯ ಚೆಂಡಿನ ಆಟಗಾರರನ್ನು ಸಾಕಿದರು. ತಿಂಗಳಿಗೆ ಪಗಾರ, ಜಿನ್ನಿನ ಬಾಜೂಕ್ಕೆ ಖೋಲಿ, ದಿನಕ್ಕೆ ಎರಡು ಹೊತ್ತು ಖುರಾಕು. ಬಾದಾಮಿ ಅರೆದು ಹಾಕಿದ ಹಾಲು, ತುಪ್ಪ, ಮಾಲಿಶಿಗೆ ಎಣ್ಣೆ. ನಸುಕಿನಲ್ಲಿ ಬೈಠಕ್ ಹೊಡೆಸಲು ಗರಡಿಯ ಮುದುಕ ವಸ್ತಾದನನ್ನೇ ಇಟ್ಟಿದ್ದರು. ಅವನಿಗೆ ಚೆಂಡಿನ ಗಾಳಿಗಂಧವೂ ಗೊತ್ತಿರಲಿಲ್ಲ, ನಮ್ಮ ತೊಡೆ ದಪ್ಪಗಾದರೆ ಆಟ ತಾನಾಗಿ ಬರುತ್ತದೆ ಎಂದು ನಂಬಿದ್ದ.

ಗೋಕಾಕದಲ್ಲಿ ನನ್ನ ಮೊದಲ ಎರಡು ವರ್ಷ, ಅಬ್ಬಬ್ಬಾ, ಏನು ಹೇಳಲಿ! ನಾನು ಎತ್ತರದವನಲ್ಲ. ಎದುರು ಆಡುವವರೆಲ್ಲ ಚೆಂಡನ್ನು ಎದೆಗೆ ಹಿಡಿದು ಎರಡೂ ಕೈಯಿಂದ ನೂಕುವವರು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಆಡುತ್ತಿದ್ದರು. ಅವರು ಕೈ ಎತ್ತಿ ನನ್ನ ಎದೆಯ ಮುಂದೆ ಅಡ್ಡ ಹಿಡಿಯುತ್ತಿದ್ದರು, ನನ್ನ ಚೆಂಡು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅವರು ತಲೆ ಎತ್ತಿ ನೋಡುವುದರೊಳಗೆ ಅದು ಬಳೆ ದಾಟಿರುತ್ತಿತ್ತು. ಮೇಲವಂಕಿಯಿಂದ, ಕೌಜಲಗಿಯಿಂದ ಸಂತೆಗೆ ಬಂದವರು ಬಸ್ಸು ಬಿಟ್ಟರೂ ಚಿಂತೆಯಿಲ್ಲ ಎಂದು ಮೈದಾನದ ಸುತ್ತ ನಿಲ್ಲುತ್ತಿದ್ದರು. ‘ಚೆಂಡಿನ ಪೈಲ್ವಾನ’ ಎಂದು ಹೆಸರು ಬಿತ್ತು. ಪಂದ್ಯ ಮುಗಿದ ಮೇಲೆ ಸಾವಕಾರರದು ಒಂದು ಪದ್ಧತಿ: ಕರದಂಟಿನ ತಟ್ಟೆ ಹಿಡಿದು ಬಂದು, ಚೆನ್ನಾಗಿ ಆಡಿದವನ ಬಾಯಿಗೆ ತಮ್ಮ ಕೈಯಿಂದಲೇ ಒಂದು ತುಂಡು ಇಡುತ್ತಿದ್ದರು. ಮೊದಲ ತುಂಡು ಸದಾ ನನ್ನ ಬಾಯಿಗೆ. ನಾನು ಬಾಯಿ ತೆರೆದೇ ನಿಂತಿರುತ್ತಿದ್ದೆ, ನಾಚಿಕೆಯಿಲ್ಲದವನು.

ಮೂರನೆಯ ವರ್ಷ ಸಾವಕಾರರಿಗೆ ಮುಂಬಯಿಯ ಆಸೆ ಹುಟ್ಟಿತು. ತಮ್ಮ ತಂಡ ಅಲ್ಲಿ ಹೋಗಿ ಆಡಬೇಕು, ಊರಿನ ಹೆಸರು ಆಗಬೇಕು. ಅದಕ್ಕಾಗಿ ಪುಣೆಯಿಂದ ಒಬ್ಬ ಕೋಚ್ ಸಾಹೇಬರನ್ನು ಕರೆಸಿದರು. ಫೌಜಿನಲ್ಲಿದ್ದು ಬಂದವರು, ಮಾತು ಮರಾಠಿ, ಕನ್ನಡ ಅಷ್ಟಕ್ಕಷ್ಟೆ. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಬಯ್ಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಅವರು ಬಂದ ವಾರದಲ್ಲೇ ಅಭ್ಯಾಸದ ವೇಳೆ ಚೆಂಡಿಗೆ ನಾನೂ ನಮ್ಮ ತಂಡದ ಇನ್ನೊಬ್ಬನೂ ಒಟ್ಟಿಗೆ ಹಾರಿದೆವು. ನನ್ನ ಕರಡಿಗೆ ಮೇಲಕ್ಕೆ ಹಾರಿ ಅವನ ತುಟಿಗೆ ಬಡಿಯಿತು. ರಕ್ತ ಬಂತು. ಕೋಚ್ ಸಾಹೇಬರು ಸೀಟಿ ಊದಿದರು.

“ಅರೇ, ಹೇ ಕಾಯ? ಕೊರಳಾಗ ಇದು ನಡಿಯೋದಿಲ್ಲ. ಮುಂಬಯಿದಾಗ ಆಟದ ಪಂಚ ಹೊರಗ ಕಳಸ್ತಾನ. ತೆಗದ ಇಡು.”

“ತಗಿಯಾಕ ಬರಂಗಿಲ್ರಿ ಸಾಹೇಬ್ರ” ಎಂದೆ. ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿಕೊಂಡೆ.

ಸಾವಕಾರರ ತನಕ ಹೋಯಿತು ಮಾತು. ಅವರೂ ಲಿಂಗ ಕಟ್ಟಿದವರೇ. “ತಗಿಯೂದು ಬ್ಯಾಡ. ವಸ್ತ್ರದಾಗ ಸುತ್ತಿ ರಟ್ಟಿಗೆ ಕಟ್ಕೊ. ಎಷ್ಟೋ ಮಂದಿ ಕಟ್ಕೊತಾರ, ತಪ್ಪಿಲ್ಲ” ಎಂದರು. ತಪ್ಪೇನೂ ಇರಲಿಲ್ಲ, ನಿಜ. ಎಡಗೈಯ ರಟ್ಟೆಗೆ ಬಿಳಿ ವಸ್ತ್ರದಲ್ಲಿ ಬಿಗಿಯಾಗಿ ಕಟ್ಟಿಕೊಂಡೆ. ಎದೆ ಖಾಲಿಯಾಯಿತು. ಅಂಗಿ ಬಿಚ್ಚಿದಾಗ ಅಲ್ಲಿ ದುಂಡಗೆ ಬೆಳ್ಳಗಿನ ಕಲೆ ಕಾಣುತ್ತಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ಕೋಚ್ ಸಾಹೇಬರು ನನ್ನನ್ನು ಒಬ್ಬನನ್ನೇ ಬಾಜೂಕ್ಕೆ ಕರೆದರು.

“ನೀ ಹೆಂಗ ಹಿಡೀತಿ ಗೊತ್ತೈತೇನು? ಹೆಂಗಸೂರು ಬುತ್ತಿ ಬುಟ್ಟಿ ಹೊತ್ಕೊಂಡಂಗ! ಯಾಕ?”

ಯಾಕೆಂದು ಹೇಳಿದೆ. ಅವ್ವ, ತೊಗಲು, ಲಿಂಗ, ರೊಟ್ಟಿ, ಎಲ್ಲ ಹೇಳಿದೆ. ಅವರು ಜೋರಾಗಿ ನಕ್ಕರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಮಗು ಎಂಬುದಕ್ಕೆ ಮರಾಠಿಯಲ್ಲಿ ಬಾಳ ಎಂದು ಕರೆಯುತ್ತ, ಬಹಳ ಮೆತ್ತಗೆ, “ಈಗ ಎದಿ ಮ್ಯಾಲ ಅದು ಇಲ್ಲಲ್ಲಾ ಬಾಳ? ಇನ್ನ ಯಾತರ ಅಂಜಿಕಿ? ಎರಡೂ ಕೈಲೆ, ಎದಿಗೆ ಹಚ್ಚಿ, ಬರೋಬರ ಕಲಿ. ನಿನ್ನ ಮುಂಬಯಿಗೆ ಒಯ್ತೇನಿ” ಎಂದರು.

ಅಂಜಿಕೆ ಎಂದರಲ್ಲ, ಆ ಮಾತು ನನಗೆ ನಾಟಿತು. ಅಲ್ಲಿಯವರೆಗೆ ಅದು ನನ್ನ ಆಟ ಎಂದುಕೊಂಡಿದ್ದೆ. ಅಂದಿನಿಂದ ಅದು ನನ್ನ ಅಂಜಿಕೆಯಾಯಿತು. ಪುಣೆಯಿಂದ ಬಂದವರು, ಪುಸ್ತಕ ಓದಿದವರು, ದೊಡ್ಡ ದೊಡ್ಡ ಪಂದ್ಯ ನೋಡಿದವರು. ಮೂಡಲಗಿಯ ಬೇವಿನ ಮರಕ್ಕೆ ಏನು ಗೊತ್ತು?

ಕಲಿತೆ. ಹಟ ಹಿಡಿದು ಕಲಿತೆ. ಬೆಳಿಗ್ಗೆ ವಸ್ತಾದನ ಬೈಠಕ್ ಮುಗಿದ ಮೇಲೆ, ಮಧ್ಯಾಹ್ನ ಜಿನ್ನಿನವರು ಊಟಕ್ಕೆ ಹೋದಾಗ, ಸಂಜೆ ಎಲ್ಲರ ಜೊತೆ, ಅದೊಂದೇ. ಚೆಂಡು ಬಂತೋ, ಎದೆಗೆ. ಎದೆಯಿಂದ ನೂಕು. ಮೊದಮೊದಲು ಚೆಂಡು ಎದೆಗೆ ತಾಗಿದಾಗಲೆಲ್ಲ ಕಿವಿಯಲ್ಲಿ ಅವ್ವನ ದನಿ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಜಿನ್ನಿನ ಹತ್ತಿಯ ಎಳೆಗಳು ಗಾಳಿಯಲ್ಲಿ ಹಾರಿ ಬಂದು ಬೆವರಿದ ಮೈಗೆ ಅಂಟುತ್ತಿದ್ದವು, ಅವನ್ನು ತೆಗೆಯುವುದಕ್ಕೂ ನಾನು ನಿಲ್ಲುತ್ತಿರಲಿಲ್ಲ.

ಹೊಸ ರೀತಿ ಕೈಗೆ ಬಂತು, ಬಳೆಗೆ ಬರಲಿಲ್ಲ. ನಾನು ಗಿಡ್ಡ. ಎದೆಯಿಂದ ಹೊರಟ ಚೆಂಡನ್ನು ಎತ್ತರದವರು ಹಣ್ಣು ಕಿತ್ತಂತೆ ಕಿತ್ತುಕೊಳ್ಳುತ್ತಿದ್ದರು. ಯಾರೂ ಅಡ್ಡ ಇಲ್ಲದಾಗ ಕೂಡ ಅದು ಬಳೆಯ ಅಂಚಿಗೆ ಬಡಿದು ಹೊರಗೆ ಬರುತ್ತಿತ್ತು. ಕೈ ಬಿಟ್ಟ ಕೂಡಲೇ ಬಿತ್ತು ಎಂದು ಗೊತ್ತಾಗುತ್ತಿತ್ತಲ್ಲ, ಈಗ ಬೀಳಲಿಲ್ಲ ಎಂದು ಗೊತ್ತಾಗತೊಡಗಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಖುರಾಕಿನ ಹಾಲನ್ನು ಅರ್ಧ ಕುಡಿದು ಇಟ್ಟುಬಿಡುತ್ತಿದ್ದೆ. ದುಡಿಯದೆ ಉಣ್ಣುವ ಎತ್ತಿನ ಹಾಗೆ ನನ್ನನ್ನು ಎಲ್ಲರೂ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ಖರೆ ಹೇಳಬೇಕೆಂದರೆ ಯಾರೂ ಹಾಗೆ ನೋಡುತ್ತಿರಲಿಲ್ಲ.

ಹುಕ್ಕೇರಿಯಲ್ಲಿ ಪಂದ್ಯವಿತ್ತು. ಅದರಲ್ಲಿ ಆಡಿದ್ದನ್ನು ನೋಡಿ ಮುಂಬಯಿಗೆ ಯಾರು ಯಾರು ಎಂದು ತೀರ್ಮಾನ. ಹಿಂದಿನ ಸಂಜೆ ಕೋಚ್ ಸಾಹೇಬರು ನನ್ನ ಖೋಲಿಗೆ ಬಂದರು. ಮಂಚದ ಅಂಚಿಗೆ ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಜಾವೂ ದೇ” ಎಂದರು. “ಹೋಗಲಿ ಬಿಡು ಬಾಳ. ನಾಳೆ ನಿಂದು ಹಳೇದ ಇತ್ತಲ್ಲ, ಹಂಗ ಒಗಿ. ಭುಜದ ಮ್ಯಾಲಿಂದ. ನಾ ಏನೂ ಅನ್ನೂದಿಲ್ಲ.”

ನನಗೆ ಅಳು ಬಂತು. ಅವರ ಕಾಲು ಹಿಡಿಯಬೇಕು ಎನ್ನಿಸಿತು. ನಾಳೆ ಎಲ್ಲ ಸರಿಯಾಗುತ್ತದೆ, ನನ್ನ ಆಟ ನನಗೆ ತಿರುಗಿ ಬಂತು, ಎಂದುಕೊಂಡೆ. ಎಂಥ ಹುಚ್ಚ ನಾನು!

ಹುಕ್ಕೇರಿಯ ಬಯಲಿನಲ್ಲಿ ಸಂತೆಯ ದಿನದಷ್ಟು ಜನ. ನಮ್ಮ ಸಾವಕಾರರು ಫೇಟಾ ಸುತ್ತಿ ಕುರ್ಚಿ ಹಾಕಿಕೊಂಡು ಮುಂದೆಯೇ ಕೂತಿದ್ದರು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಎದುರಿನವನೊಬ್ಬ ನನ್ನನ್ನು ನೂಕಿದ. ಪಂಚ ಸೀಟಿ ಊದಿ ನನಗೆ ಒಬ್ಬನಿಗೇ ಒಗೆಯಲು ಅವಕಾಶ ಕೊಟ್ಟ. ಅಡ್ಡ ಯಾರೂ ಇಲ್ಲ. ನಾನು, ಗೆರೆ, ಮುಂದೆ ಬಳೆ.

“ನಿಂದ ಆಟಾ ಆಡೋ ತಮ್ಮಾ! ನಿಂದ ಆಟಾ!” ಸಾವಕಾರರು ಕುರ್ಚಿ ಬಿಟ್ಟು ಎದ್ದು ಕೂಗಿದರು.

ಚೆಂಡನ್ನು ಭುಜದ ಮೇಲಕ್ಕೆ ಎತ್ತಿದೆ. ಅಲ್ಲಿ ಅದು ಪರಕೀಯವಾಗಿ ಕೂತಿತ್ತು. ಮಣಿಕಟ್ಟು ಯಾವಾಗ ಮಣಿಸಬೇಕು? ಎಡಗೈ ಎಲ್ಲಿರಬೇಕು? ಇದನ್ನೆಲ್ಲ ನಾನು ಯಾವತ್ತೂ ಕೇಳಿಕೊಂಡವನಲ್ಲ. ಕೇಳಿಕೊಂಡ ಕೂಡಲೇ ಕೈ ನಿಂತುಬಿಟ್ಟಿತು. ನನ್ನ ಕಣ್ಣೆದುರಿಗೇ, ನಾನು ಬೇಡ ಬೇಡ ಎನ್ನುತ್ತಿರುವಾಗಲೇ, ಎರಡೂ ಕೈ ಚೆಂಡನ್ನು ಹಿಡಿದುಕೊಂಡು ಕೆಳಗಿಳಿದು ಎದೆಗೆ ಬಂದವು. ಅಲ್ಲಿಂದ ನೂಕಿದವು. ಚೆಂಡು ಬಳೆಯ ತನಕವೂ ಹೋಗಲಿಲ್ಲ. ಯಾರೋ ಒಬ್ಬ ಕಿಸಕ್ಕನೆ ನಕ್ಕ. ಧೈರ್ಯ ಎದೆಯಲ್ಲಿರುತ್ತದೆ ಎನ್ನುತ್ತಾರೆ, ಸುಳ್ಳು. ಅದು ಕೈಯಲ್ಲಿರುತ್ತದೆ, ಕೈ ಮರೆತರೆ ಹೋಯಿತು.

ಕೋಚ್ ಸಾಹೇಬರು ನನ್ನನ್ನು ಹೊರಗೆ ಕರೆದು ಕೂಡಿಸಿದರು. ನಾನಿಲ್ಲದೆ ನಮ್ಮ ತಂಡ ಆಡಿತು. ನಾನಿಲ್ಲದೆ ಗೆದ್ದಿತು. ಸೋತಿದ್ದರೂ ಚೆನ್ನಾಗಿತ್ತು ಎಂದು ನನ್ನ ಮನಸ್ಸು ಅಂದಿತು, ಆ ಮಾತು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಡೊಳ್ಳು ಬಂತು, ಗುಲಾಲು ಬಂತು. ಸಾವಕಾರರು ಕರದಂಟಿನ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ಒಬ್ಬೊಬ್ಬರ ಬಾಯಿಗೂ ಇಡುತ್ತ ಬಂದರು. ನನ್ನ ಮುಂದೆ ಬಂದಾಗ, ಹಿಂದಿನಿಂದ ಯಾರೋ ಅವರನ್ನು ಕರೆದರು, ಅವರು ನಗುತ್ತ ಅತ್ತ ತಿರುಗಿದರು, ತಟ್ಟೆಯೂ ತಿರುಗಿತು. ಸಿಟ್ಟಿನಿಂದಲ್ಲ. ನೆನಪಾಗಲಿಲ್ಲ, ಅಷ್ಟೆ. ನನ್ನ ಬಾಯಿ ಅರ್ಧ ತೆರೆದಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಮರುದಿನ ಗೋಕಾಕದಲ್ಲಿ ಸಾವಕಾರರು ಕರೆಸಿದರು. “ತಮ್ಮಾ, ಈ ಸರ್ತಿ ಮುಂಬಯಿಗೆ ನೀ ಬ್ಯಾಡ. ಊರಿಗೆ ಹೋಗಿ ಅವ್ವನ ಕೈಲೆ ನಾಕ ದಿನಾ ಉಣ್ಣು. ಒಂದ ಚೆಂಡು ಒಯ್ಯಿ. ಕೈ ಬಂತಂದ್ರ ಆವತ್ತ ಬಾ, ನಿನ್ನ ಖೋಲಿ ಯಾರಿಗೂ ಕೊಡಂಗಿಲ್ಲ” ಎಂದರು. ಇದಕ್ಕಿಂತ ಒಳ್ಳೆಯ ಮಾತನ್ನು ಯಾರು ಆಡುತ್ತಾರೆ? “ಹೌದ್ರಿ ಸಾವಕಾರ್ರ” ಎಂದೆ. ಚೆಂಡನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಮೂಡಲಗಿಗೆ ಬಂದಾಗ ಅವ್ವ ನನ್ನ ಮುಖ ನೋಡಿ ನೀರು ಕಾಸಿದಳು. ಜಳಕಕ್ಕೆಂದು ಅಂಗಿ ಬಿಚ್ಚಿದಾಗ ರಟ್ಟೆಯ ಮೇಲಿನ ವಸ್ತ್ರ ಕಂಡಿತು.

“ಅಲ್ಲಿ ಯಾಕ ಕಟ್ಟೀಯೋ?”

ಹೇಳಿದೆ. ಅಣ್ಣನೂ ಬಂದು ನಿಂತು ಕೇಳಿದ. ಕೋಚ್ ಸಾಹೇಬರನ್ನು ಅವನು ಬಾಯಿಗೆ ಬಂದಂತೆ ಬಯ್ದ. ಅವ್ವ ಬಯ್ಯಲಿಲ್ಲ. ಅವಳ ಮುಖದಲ್ಲಿ ಒಂದು ಬೆಳಕು ಬಂತು, ಎಲ್ಲ ತಿಳಿದುಹೋಯಿತು ಎನ್ನುವ ಬೆಳಕು.

“ಹಂಗ ಅನ್ನು ಮತ್ತ! ಎದಿ ಮ್ಯಾಲಿಂದ ಇಳಿಸಿದಿ, ಆಟಾನೂ ಇಳೀತು. ನಾ ಕಟ್ತೇನಿ ತಾ. ಎದಿಗೆ ಏರಿತಂದ್ರ ಎಲ್ಲಾ ಬರೋಬರ ಆಕ್ಕೈತಿ.”

ಸಂದೂಕದಿಂದ ಹೊಸ ಶಿವದಾರ ತೆಗೆದಳು. ಕರಡಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದಳು. ನನ್ನ ಕೊರಳಿಗೆ ತಾನೇ ಕಟ್ಟಿದಳು. ಆ ಬೆಳ್ಳಿ ಎದೆಯ ಮೇಲೆ ತಣ್ಣಗೆ ಕೂತಾಗ, ಸುಳ್ಳೇಕೆ ಹೇಳಲಿ, ನಾನೂ ನಂಬಿದೆ. ನನ್ನ ನಂಬಿಕೆ ಬೇರೆ. ಇದು ಎದೆಯ ಮೇಲಿದ್ದರೆ ಚೆಂಡು ಎದೆಗೆ ಬರುವುದಕ್ಕೆ ಸಾಧ್ಯವಿಲ್ಲ, ಚಿಕ್ಕಂದಿನ ಹಾಗೆ ಕೈಗಳೇ ಅಂಜಿ ಮೇಲಕ್ಕೆ ಹೋಗುತ್ತವೆ, ಎಂದು ಲೆಕ್ಕ ಹಾಕಿದೆ. ಅವ್ವ ದೇವರ ಮೇಲೆ ಭಾರ ಹಾಕಿದ್ದಳು, ನಾನು ಅವಳ ಬಯ್ಗುಳದ ಮೇಲೆ.

ಬೆಳಿಗ್ಗೆ ಪೂಜೆ ಮುಗಿಸಿ ಕಣಕ್ಕೆ ಹೋದೆ. ಬಳೆ ತುಕ್ಕು ಹಿಡಿದು ಹಾಗೆಯೇ ಇತ್ತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂತಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಅಣ್ಣ ಎತ್ತಿನ ಹಗ್ಗ ಹಿಡಿದು ನಿಂತ. ಅವ್ವ ನನ್ನ ಆಟವನ್ನು ಆಟವೆಂದು ನೋಡಲು ಕೂತದ್ದು ಅದೇ ಮೊದಲು.

“ಒಗಿ, ಒಗಿ, ನೋಡೋಣು” ಎಂದಳು, ನಗುತ್ತ.

ಚೆಂಡನ್ನು ನೆಲಕ್ಕೆ ಬಡಿದೆ. ಅದು ಪುಟಿದು ಬಂತು. ತೋಳು ಚಾಚಿ ಹಿಡಿಯಬೇಕು, ಮೈಯಿಂದ ದೂರದಲ್ಲಿ. ಹಿಡಿಯುತ್ತೇನೆ ಎಂದುಕೊಂಡೆ. ಕೈಗಳು ಅದನ್ನು ಹಿಡಿದವು, ಹಿಡಿದ ಭರದಲ್ಲಿಯೇ ಸೀದಾ ಎದೆಗೆ ಎಳೆದುಕೊಂಡವು.

ಠಣ್.

ಕಣದಲ್ಲಿ ಕಾಳು ತಿನ್ನುತ್ತಿದ್ದ ಗುಬ್ಬಿಗಳು ಎದ್ದು ಹಾರಿದವು. ಇನ್ನೊಂದು ಸಲ ಒಗೆಯಲು ನನಗೆ ಕೈ ಏಳಲಿಲ್ಲ. ಚೆಂಡನ್ನು ಕೆಳಗೆ ಬಿಟ್ಟೆ, ಅದು ಉರುಳಿ ಬಣವೆಯ ಕಡೆ ಹೋಯಿತು. ಕರಡಿಗೆಯಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು. ತಲೆ ತಗ್ಗಿಸಿ, ಬಚ್ಚಲಿನ ಕಡೆ ಹೊರಟೆ. ನನಗೆ ದಾರಿ ಗೊತ್ತಿತ್ತಲ್ಲ: ತಣ್ಣೀರು, ಪೂಜೆ, ಆಮೇಲೆ ಊಟ. ಅವ್ವ ಬಯ್ಯಲಿ ಎಂದು ಕಾದೆ. “ಮಂಗ್ಯಾ, ಮತ್ತ ಮುಟ್ಟಿತೇನು” ಎನ್ನಲಿ, ರೊಟ್ಟಿ ಇಲ್ಲ ಎನ್ನಲಿ. ಅಂದಿದ್ದರೆ ನಾಳೆ ಮತ್ತೆ ಈ ಮರದ ಕೆಳಗೆ ನಿಲ್ಲುತ್ತಿದ್ದೆ, ನಾಡಿದ್ದೂ ನಿಲ್ಲುತ್ತಿದ್ದೆ.

ಅವ್ವ ಹೊಸ್ತಿಲಿನಿಂದ ಎದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಕರಡಿಗೆಯ ಮೇಲೆ ಕೂತಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು.

“ಇರಲಿ ಬಿಡು, ತಮ್ಮಾ” ಎಂದಳು. “ಜಳಕಾ ಏನ ಬ್ಯಾಡ. ರೊಟ್ಟಿ ಆರಾಕತ್ತಾವ, ಬಾ.”

ಅಣ್ಣ ಮುಖ ತಿರುಗಿಸಿ ಎತ್ತು ಹೊಡೆದುಕೊಂಡು ಹೊಲದ ದಾರಿ ಹಿಡಿದ. ಅವ್ವ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ಕೂಡಿಸಿದಳು, ಬಿಸಿ ರೊಟ್ಟಿ ಹಾಕಿದಳು, ಬೆಣ್ಣೆ ಹಾಕಿದಳು. ನಾನು ಉಂಡೆ.